ಒಂದೇ ದಿನ ಹೊರಟ ಎರಡು ಬೆಂಗಾವಲು

ಮಸ್ಕತ್ತಿನ ಪಕ್ಕದ ಸೀಬ್ ಎಂಬ ಊರಿನ ಹಳೇ ಸೂಕ್, ಅಂದರೆ ಸಂತೆಪೇಟೆಯ ಹಿಂದೆ ತರಕಾರಿ ಲಾರಿಗಳು ನಿಲ್ಲುವ ಜಾಗವೊಂದಿದೆ. ಮೊನ್ನೆ ಅಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದದ್ದೇ ತಡ, ಬಿಸಿಲಿಗೆ ಬೆಂದು ಕೊಳೆತ ಕ್ಯಾಬೇಜಿನ ವಾಸನೆ ಮುಖಕ್ಕೆ ರಾಚಿತು. ಜೊತೆಗಿದ್ದ ಮಗಳು ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಗೊಣಗಿದಳು. ನಾನು ಮೂಗು ಮುಚ್ಚಲಿಲ್ಲ, ನನಗೆ ಸಿಟ್ಟು ಬಂತು. ಇಷ್ಟು ವರ್ಷ ಕಳೆದರೂ ಆ ವಾಸನೆ ಬಂದರೆ ನನಗೆ ಮೊದಲು ಬರುವುದು ಸಿಟ್ಟೇ. ಉಳಿದವರಿಗೆ ಸಲಾಲಾ ಎಂದರೆ ಸಾಂಬ್ರಾಣಿಯ ಪರಿಮಳ ನೆನಪಾಗುತ್ತದಂತೆ. ನನಗೆ ಕ್ಯಾಬೇಜು.

ಅದು ಎರಡು ಸಾವಿರದ ಒಂಬತ್ತರ ಖರೀಫ್. ಒಮಾನಿನ ಉಳಿದ ಭಾಗವೆಲ್ಲ ಕಾದ ಕಾವಲಿಯಾಗಿರುವಾಗ ದಕ್ಷಿಣದ ಸಲಾಲಾದಲ್ಲಿ ಮಾತ್ರ ಜೂನ್ ಕೊನೆಗೆ ಮಂಜು ಇಳಿಯುತ್ತದೆ, ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹನಿಯುತ್ತದೆ, ಬೋಳು ಗುಡ್ಡಗಳು ಹಸಿರಾಗುತ್ತವೆ. ಆ ಕಾಲಕ್ಕೆ ಅಲ್ಲಿಯವರು ಖರೀಫ್ ಎನ್ನುತ್ತಾರೆ. ದುಬೈ, ಕುವೈತ್, ರಿಯಾದಿನಿಂದೆಲ್ಲ ಜನ ಸಂಸಾರ ಸಮೇತ ಬಂದು ಗುಡ್ಡದ ಮೇಲೆ ಚಾಪೆ ಹಾಸಿ, ಹನಿಯಲ್ಲಿ ನೆನೆಯುತ್ತ ಚಹಾ ಕುಡಿಯುತ್ತಾರೆ. ಮಲ್ಪೆಯಲ್ಲಿ ಹುಟ್ಟಿದ ನನಗೆ ಅದನ್ನು ಮಳೆ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ಕಡಲು ಮಾತ್ರ ನಮ್ಮೂರಿನ ಆಷಾಢದ ಕಡಲೇ. ಬಂದರಿನ ಕಲ್ಲುಗೋಡೆಗೆ ಹೊಡೆದ ತೆರೆಯ ಸದ್ದು ನಮ್ಮ ಕಚೇರಿಯ ಒಳಗೂ ಕೇಳುತ್ತಿತ್ತು.

ನಮ್ಮದು ಹಡಗುಗಳಿಗೆ ದಿನಸಿ, ತರಕಾರಿ, ಕುಡಿಯುವ ನೀರು ಪೂರೈಸುವ ಕಂಪನಿ. ಆರ್ಡರ್ ತೆಗೆದುಕೊಳ್ಳುವುದು, ಲಾರಿ ಹೊರಡಿಸುವುದು, ಗೇಟ್ ಪಾಸ್ ಮಾಡಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಅಕ್ಕಿ, ಎಣ್ಣೆ, ಹಿಟ್ಟು ಯಾವಾಗ ಬೇಕಾದರೂ ಹಡಗಿಗೆ ಏರಿಸಬಹುದು. ಸೊಪ್ಪು, ಕ್ಯಾಬೇಜು, ಮೊಟ್ಟೆ ಮಾತ್ರ ಹಡಗು ಹೊರಡುವ ಹಿಂದಿನ ದಿನ ಕೊನೆಯದಾಗಿ ಹೋಗುತ್ತವೆ. ಹಾಗಾಗಿ ಯಾವ ಹಡಗು ಯಾವತ್ತು ಹೊರಡುತ್ತದೆಂದು ಬಂದರಿನ ಅಧಿಕಾರಿಗಳಿಗಿಂತ ಮೊದಲು ನಮಗೆ ತಿಳಿಯುತ್ತಿತ್ತು. ಯುದ್ಧನೌಕೆಗಳವರು ಹೊರಡುವ ದಿನವನ್ನು ಗುಟ್ಟಾಗಿಡುತ್ತಾರೆ. ಆದರೆ ಕೊತ್ತಂಬರಿ ಸೊಪ್ಪು ಶುಕ್ರವಾರಕ್ಕೇ ಬೇಕು ಎಂದು ಹೇಳಿದ ಮೇಲೆ ಗುಟ್ಟು ಇನ್ನೆಲ್ಲಿಯದು.

ಆ ವರ್ಷ ಬಂದರಿನ ತುಂಬ ಯುದ್ಧನೌಕೆಗಳು. ಸೊಮಾಲಿಯಾದ ಕಡಲುಗಳ್ಳರು ಏಡನ್ ಕೊಲ್ಲಿಯಲ್ಲಿ ಸಿಕ್ಕ ಸಿಕ್ಕ ಹಡಗಿಗೆ ಏಣಿ ಹಾಕುತ್ತಿದ್ದರು. ಅವರನ್ನು ತಡೆಯಲು ಯುರೋಪಿನವರು, ಅಮೆರಿಕದವರು, ಜಪಾನಿನವರು, ನಮ್ಮವರು, ಎಲ್ಲರೂ ಬಂದಿದ್ದರು. ಚೀನಾ ಕೂಡ ಬಂದಿತ್ತು. ಆ ದೇಶ ಇಷ್ಟು ದೂರದ ಕಡಲಿಗೆ ಕಾವಲು ಕಳಿಸಿದ್ದು ಈ ಕಾಲದಲ್ಲಿ ಇದೇ ಮೊದಲೆಂದು ಪತ್ರಿಕೆಗಳು ಬರೆದವು. ಕೊಲ್ಲಿಯ ಬಾಯಲ್ಲಿ ಒಂದು ಗುರುತಿನ ಜಾಗದಲ್ಲಿ ಸರಕು ಹಡಗುಗಳು ಕಾಯಬೇಕು, ಯುದ್ಧನೌಕೆ ಬಂದು ಅವುಗಳನ್ನು ಸಾಲಾಗಿ ಕರೆದುಕೊಂಡು ದಾಟಿಸಬೇಕು. ಇದಕ್ಕೆ ಬೆಂಗಾವಲು ಎಂದು ಹೆಸರು. ಅರ್ಜಿ ಹಾಕಿದರೆ ಬೇರೆ ದೇಶದ ಬಾವುಟದ ಹಡಗುಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ಆದರೆ ಚೀನಾದ ಬೆಂಗಾವಲು ಚೀನಾದ್ದು, ಭಾರತದ್ದು ಭಾರತದ್ದು. ಒಬ್ಬರ ವೇಳಾಪಟ್ಟಿ ಇನ್ನೊಬ್ಬರಿಗೆ ಬೇಡ. ಒಂದೇ ಊರಿಗೆ ಹೋಗುವ ಎರಡು ಬಸ್ಸಿನವರು ಜಗಳ ಮಾಡಿಕೊಂಡರೆ ಹೇಗೋ ಹಾಗೆ, ಬಂದರೆ ಎರಡೂ ಒಟ್ಟಿಗೆ, ಇಲ್ಲವಾದರೆ ವಾರಗಟ್ಟಲೆ ಒಂದೂ ಇಲ್ಲ.

ಚೀನಾದ ನೌಕೆಯಿಂದ ಆರ್ಡರ್ ಕೊಡಲು ಬರುತ್ತಿದ್ದವರು ಲಿನ್ ಎಂಬ ಅಧಿಕಾರಿ. ಮೂವತ್ತರ ಆಸುಪಾಸಿನ ಮನುಷ್ಯ, ಪುಸ್ತಕ ಓದಿ ಕಲಿತ ಇಂಗ್ಲಿಷ್, ಎಲ್ಲದಕ್ಕೂ ಮೊದಲು ಒಂದು ನಗು. ಬೆಳ್ಳುಳ್ಳಿಯ ಗಾತ್ರ ಸಣ್ಣದಾಯಿತೆಂದು ದೂರುವಾಗಲೂ ನಗುತ್ತಲೇ ದೂರುತ್ತಿದ್ದರು. ಇಲ್ಲಿ ಖಾಯಂ ನೆಲೆ ಮಾಡುವ ಯೋಚನೆ ಇದೆಯಾ ಎಂದು ನಾನು ಒಮ್ಮೆ ತಮಾಷೆಗೆ ಕೇಳಿದ್ದೆ. ತಮ್ಮ ದೇಶ ಹೊರಗೆಲ್ಲೂ ನೆಲೆ ಹೂಡುವುದಿಲ್ಲ, ನೀರು ತರಕಾರಿಗೆ ಮಾತ್ರ ಬಂದದ್ದು ಎಂದು ಶಾಲೆಯ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿದರು.

ಮನೆಯಲ್ಲಿ ಇದಕ್ಕೆ ಉಲ್ಟಾ ಪದ್ಯ. ಇವರು, ಅಂದರೆ ನನ್ನ ಗಂಡ ಜಯಕರ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಅಕೌಂಟೆಂಟ್ ಆಗಿದ್ದರು. ಶುಕ್ರವಾರ ನಮ್ಮ ಕಡೆಯವರು ನಾಲ್ಕು ಜನ ಮನೆಯಲ್ಲಿ ಸೇರಿದರೆ ಸಾಕು, ಇವರು ಮೇಜಿನ ಮೇಲೆ ಕಡಲೆಬೀಜ ಜೋಡಿಸಿ ಹಿಂದೂ ಮಹಾಸಾಗರ ಮಾಡುತ್ತಿದ್ದರು. ಇದು ಬರ್ಮಾ, ಇದು ಲಂಕೆಯ ಹಂಬನ್‌ತೋಟ, ಇದು ಗ್ವಾದರ್. ಚೀನಾ ಮುತ್ತಿನ ಸರದ ಹಾಗೆ ಒಂದೊಂದೇ ಬಂದರು ಪೋಣಿಸಿ ನಮ್ಮ ಕುತ್ತಿಗೆಗೆ ಹಾಕುತ್ತಿದೆ, ಈಗಿನ ಮುತ್ತು ನಮ್ಮ ಸಲಾಲಾ. ಹೀಗೆ ಹೇಳಿ ನನ್ನ ಕಡೆ ನೋಡುತ್ತಿದ್ದರು, ಆ ಸರಕ್ಕೆ ನೂಲು ಕೊಟ್ಟವಳು ನಾನೇ ಎಂಬಂತೆ. ನಾನು ಕೊಟ್ಟದ್ದು ಕ್ಯಾಬೇಜು. ಇವರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ನಮ್ಮ ಲಾರಿ ಓಡಿಸುತ್ತಿದ್ದ ಮುರಾದ್ ಒಮಾನಿ ಬಲೂಚಿ, ಅವನ ತಾಯಿಯ ಮನೆ ಗ್ವಾದರ್. ಆ ಊರು ಒಂದು ಕಾಲದಲ್ಲಿ ಮಸ್ಕತ್ತಿನ ಸುಲ್ತಾನರದೇ ಆಗಿತ್ತು, ಆಮೇಲೆ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಚೀನಾದವರು ಬಂದರು ಕಟ್ಟಿದ ಮೇಲೆ ತನ್ನ ಸೋದರಮಾವ ದೋಣಿ ಎಳೆದು ಹಾಕುತ್ತಿದ್ದ ಜಾಗಕ್ಕೆ ಬೇಲಿ ಬಿದ್ದಿದೆ, ಬೇಲಿಗೆ ಬಂದೂಕಿನವರು ಬಂದಿದ್ದಾರೆ ಎಂದು ಮುರಾದ್ ಹೇಳುತ್ತಿದ್ದ. ಬಂದರು ಬಂದರೆ ಊರಿಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆವು ಮೇಡಂ, ಈಗ ಮಾವ ಕಡಲಿಗೆ ಇಳಿಯಬೇಕಾದರೂ ಗುರುತು ಚೀಟಿ ತೋರಿಸಬೇಕು ಎಂದಿದ್ದ. ಇವರ ಮೇಜಿನ ಮೇಲೆ ಗ್ವಾದರ್ ಒಂದು ಕಡಲೆಬೀಜ. ಮಾತು ಮುಗಿದ ಮೇಲೆ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಜುಲೈಯಲ್ಲಿ ನನ್ನ ತಮ್ಮ ಸತೀಶನ ಹಡಗು ಸಲಾಲಾಕ್ಕೆ ಬಂತು. ಅವನು ಅದರಲ್ಲಿ ಸೆಕೆಂಡ್ ಇಂಜಿನಿಯರ್. ಮದುವೆಯಾಗಿ ಎರಡು ಮಕ್ಕಳಿದ್ದವನು, ಮಿತಭಾಷಿ, ಯಂತ್ರದ ಜೊತೆಗಾದರೆ ಗಂಟೆಗಟ್ಟಲೆ ಮಾತನಾಡುವವನು. ಹಡಗಿನ ಹೆಸರು ಇಲ್ಲಿ ಬೇಡ. ಮಾಲೀಕರು ಬದಲಾದಾಗಲೆಲ್ಲ ಹೆಸರೂ ಬದಲಾಗಿ, ಹಳೆಯ ಹೆಸರುಗಳ ಅಕ್ಷರಗಳು ಹೊಸ ಬಣ್ಣದಡಿಯಿಂದ ಉಬ್ಬಿ ಕಾಣುತ್ತಿದ್ದವು. ಮಾಲೀಕ ಶಾರ್ಜಾದವ, ಬಾವುಟ ಯಾವುದೋ ಪುಟ್ಟ ದ್ವೀಪದ್ದು, ಕ್ಯಾಪ್ಟನ್ ಕರಾಚಿಯವರು, ಕೆಲಸದವರಲ್ಲಿ ಹೆಚ್ಚಿನವರು ನಮ್ಮವರು. ಅಕ್ಕಿ, ಸಿಮೆಂಟು ತುಂಬಿಕೊಂಡು ಜಿಬೂಟಿಗೆ ಹೋಗಬೇಕಿತ್ತು. ಸರಕು ತುಂಬಿದರೆ ಹಡಗಿನ ಅಂಚು ನೀರಿಗೆ ತೀರ ಹತ್ತಿರವಾಗುತ್ತಿತ್ತು, ವೇಗವಂತೂ ಕೇಳಲೇಬೇಡಿ. ಕಳ್ಳರು ಇಂಥದ್ದನ್ನೇ ಹುಡುಕುವುದು. ಹಾಗಾಗಿ ನಾನೇ ಕೂತು ಚೀನಾದ ಬೆಂಗಾವಲಿಗೊಂದು, ಭಾರತದ ಬೆಂಗಾವಲಿಗೊಂದು ಅರ್ಜಿ ಕಳಿಸಿದೆ. ಇಬ್ಬರೂ ಒಪ್ಪಿದರು. ಹೊತ್ತಿಗೆ ಸರಿಯಾಗಿ ಬರಬೇಕು, ಯಾರಿಗೂ ಕಾಯುವುದಿಲ್ಲ ಎಂದು ಇಬ್ಬರೂ ಬರೆದಿದ್ದರು. ಎರಡು ಕಡೆಯಿಂದ ಹೂಂ ಬಂತಲ್ಲ, ಇನ್ನು ಹೆದರಿಕೆ ಇಲ್ಲ ಎಂದು ನಾನು ಊರಿಗೆ ಅಮ್ಮನಿಗೂ ಫೋನು ಮಾಡಿ ಹೇಳಿದೆ.

ಆಗ ಇಂಜಿನ್ನಿಗೆ ಎಣ್ಣೆ ಒತ್ತುವ ಪಂಪು ಕೆಟ್ಟಿತು. ಸಲಾಲಾದಲ್ಲಿ ಅದನ್ನು ರಿಪೇರಿ ಮಾಡುವವರಿಲ್ಲ. ಮಸ್ಕತ್ತಿನ ಘಾಲಾದ ಒಂದು ವರ್ಕ್‌ಶಾಪಿಗೆ ಮರುಭೂಮಿ ದಾಟಿ ಕಳಿಸಬೇಕಾಯಿತು. ಬುಧವಾರಕ್ಕೆ ಮುಗಿಸಿ ಬಸ್ಸಿಗೆ ಹಾಕುತ್ತೇನೆ ಎಂದಿದ್ದ ವರ್ಕ್‌ಶಾಪಿನವನು ಬುಧವಾರ ಸಂಜೆ ಫೋನು ಮಾಡಿ ಒಂದು ವಾಷರ್ ಸಿಗುತ್ತಿಲ್ಲ ಎಂದ. ಆಗೆಲ್ಲ ಒಮಾನಿನಲ್ಲಿ ಗುರುವಾರ, ಶುಕ್ರವಾರ ರಜೆ. ಅಂದರೆ ಪಂಪು ಶನಿವಾರಕ್ಕೆ ಮೊದಲು ಬರುವುದಿಲ್ಲ, ಕೂಡಿಸಿ ಹಡಗು ಹೊರಡುವಾಗ ಭಾನುವಾರ. ಭಾನುವಾರವಾದರೆ ಭಾನುವಾರ ಎಂದುಕೊಂಡು ನಾನು ಆರ್ಡರ್‌ಗಳನ್ನು ತೆರೆದು ನೋಡಿದೆ. ಚೀನಾದ ನೌಕೆಗೆ ಸೊಪ್ಪು, ಕ್ಯಾಬೇಜು ಶುಕ್ರವಾರಕ್ಕೆ. ಭಾರತದ ನೌಕೆಗೆ ಕೊತ್ತಂಬರಿ, ಹಸಿಮೆಣಸು, ಅದೂ ಶುಕ್ರವಾರಕ್ಕೆ. ಎರಡೂ ಶನಿವಾರ ಬೆಳಿಗ್ಗೆ ಹೊರಡುತ್ತವೆ, ಒಂದೇ ಕೊಲ್ಲಿಯನ್ನು ಒಂದೇ ದಿನ ದಾಟುತ್ತವೆ. ಅವು ಆ ತುದಿ ಮುಟ್ಟಿ, ಅಲ್ಲಿಂದ ಹಡಗು ಕರೆದುಕೊಂಡು ಮರಳುವವರೆಗೆ ಈ ತುದಿಯಲ್ಲಿ ಯಾರೂ ಇಲ್ಲ. ಶಾರ್ಜಾದ ಮಾಲೀಕ ಅಷ್ಟು ದಿನ ಕಾಯುವವನಲ್ಲ. ತಡವಾದರೆ ಜಿಬೂಟಿಯಲ್ಲಿ ಸರಕು ತೆಗೆದುಕೊಳ್ಳುವುದಿಲ್ಲವಂತೆ, ರಿಪೇರಿ ಆದ ಕೂಡಲೇ ಹೊರಡಿ ಎಂದು ಅವನ ಆಜ್ಞೆ ಬಂದಿತ್ತು.

ಇಬ್ಬರಲ್ಲಿ ಒಬ್ಬರು ಒಂದು ದಿನ ಹಿಂದೆ ಸರಿದರೆ ಎಲ್ಲರಿಗೂ ಒಳ್ಳೆಯದಲ್ಲವೇ. ಇಬ್ಬರು ನೋಡಿಕೊಳ್ಳುವ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುವುದಿಲ್ಲ ತಾನೇ. ನನಗೆ ಇದು ಅಷ್ಟು ಸರಳವಾಗಿ ಕಂಡಿತ್ತು. ಭಾರತದ ಕಡೆಯ ಬೆಂಗಾವಲು ನೋಡಿಕೊಳ್ಳುವ ಒಬ್ಬ ಅಧಿಕಾರಿಗೆ ಫೋನು ಮಾಡಿದೆ. ಸಭ್ಯ ಮನುಷ್ಯ, ಹಿಂದಿಯಲ್ಲಿ ನಿಧಾನವಾಗಿ ಎಲ್ಲ ಕೇಳಿಕೊಂಡರು. ತಮ್ಮನ ಹಡಗಿನಲ್ಲಿ ಇಷ್ಟು ಜನ ನಮ್ಮ ದೇಶದವರಿದ್ದಾರೆ, ಪಂಪು ಬರುತ್ತಿದೆ, ಒಂದು ದಿನ ಮುಂದೆ ಹಾಕಲು ಸಾಧ್ಯವೇ ಎಂದೆ. ಬೇರೆ ಹಡಗುಗಳು ಆಗಲೇ ಕಾಯುತ್ತಿವೆ, ಆಗುವುದಿಲ್ಲ ಎಂದರು. ಆ ಮಾತು ನನಗೆ ಅರ್ಥವಾಯಿತು. ಆದರೆ ಚೀನಾದವರೂ ಅದೇ ಶನಿವಾರ ಹೊರಡುತ್ತಾರಲ್ಲ ಸರ್, ಅವರ ಜೊತೆ ಒಂದು ಮಾತು ಆಡಿದರೆ ಎಂದು ನಾನು ಹೇಳುವಾಗ ಆ ಕಡೆ ದನಿ ಬದಲಾಯಿತು.

“ಅವರು ಶನಿವಾರ ಹೊರಡ್ತಾರೆ ಅಂತ ನಿಮಗೆ ಹೇಗೆ ಗೊತ್ತಾಯಿತು ಮೇಡಂ?”

ಆಮೇಲೆ ಬಂದ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ. ಎಷ್ಟು ನೀರು ತೆಗೆದುಕೊಂಡರು, ಎಷ್ಟು ಜನಕ್ಕೆ ಅಕ್ಕಿ, ಎಲ್ಲಿ ನಿಂತಿದೆ, ಜೊತೆಗೆ ಇನ್ನೊಂದು ನೌಕೆ ಇದೆಯಾ. ತಮ್ಮನ ಹಡಗಿನ ಹೆಸರನ್ನು ಎರಡು ಸಲ ಹೇಳಿದ್ದೆ, ಅವರು ಒಮ್ಮೆಯೂ ತಿರುಗಿ ಕೇಳಲಿಲ್ಲ. ನನಗೆ ತರಕಾರಿ ಮಾರುವುದಷ್ಟೇ ಗೊತ್ತು ಸರ್ ಎಂದು ಫೋನು ಇಟ್ಟೆ.

ಅದೇ ದಿನ ಮಧ್ಯಾಹ್ನ ಲಿನ್ ಬಂದರು. ಅವರಿಗೂ ಇದನ್ನೇ ಹೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಹಡಗಿಗೆ ಹೋಗಿ, ನಿಜವಾಗಿಯೂ ತಿರುಗಿ ಬಂದರು. ಬಂದು ನನ್ನ ಮೇಜಿನ ಮುಂದೆ ನಿಂತೇ ಇಂಗ್ಲಿಷಿನಲ್ಲಿ ಹೇಳಿದರು.

“ನಮ್ಮ ದೇಶ ಇನ್ನೊಂದು ದೇಶದ ಏರ್ಪಾಡಿನಲ್ಲಿ ತಲೆ ಹಾಕುವುದಿಲ್ಲ. ಅದು ನಮ್ಮ ನೀತಿ.”

ತಲೆ ಹಾಕಿ ಎಂದು ನಾನೆಲ್ಲಿ ಹೇಳಿದೆ. ಒಂದು ದಿನ ತಡವಾಗಿ ಹೋಗಿ ಎಂದೆ. ನೀತಿ ಎಂಬ ಮಾತು ಕೇಳಿದರೆ ನನಗೆ ಅಂದಿನಿಂದ ಮೈ ಉರಿಯುತ್ತದೆ. ಯಾರ ಉಸಾಬರಿಯೂ ಬೇಡ ಎನ್ನುವವರು ಇಷ್ಟು ದೂರ ಯಾಕೆ ಬರಬೇಕು. ಇಷ್ಟು ದೂರ ಬಂದ ಮೇಲೆ ಪಕ್ಕದ ಹಡಗಿನವನಿಗೆ ನಾಳೆ ನಾನು ಹೋಗುತ್ತೇನೆ, ನಾಡಿದ್ದು ನೀನು ಹೋಗು ಎಂದು ಹೇಳಲು ಏನು ಕಷ್ಟ. ಇಬ್ಬರೂ ಕಳ್ಳರನ್ನು ನೋಡಲು ತಂದ ದುರ್ಬೀನಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ನನಗೆ ಒಂದು ಉಪಾಯ ಹೊಳೆಯಿತು. ಹಡಗಿಗೆ ತರಕಾರಿ ಹಾಕುವವರಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಒಂದು ಮೂಟೆ ಈರುಳ್ಳಿ ಬರಲಿಲ್ಲವೆಂದು ಅರ್ಧ ದಿನ ಕಾದ ಕ್ಯಾಪ್ಟನ್ನರನ್ನು ನಾನು ಕಂಡಿದ್ದೆ. ಸರಕು ಹಡಗಿನಲ್ಲಿ ಕ್ಯಾಪ್ಟನ್ನೂ ಅಡುಗೆಯವನಿಗೆ ಹೆದರಬೇಕು. ವಾರಗಟ್ಟಲೆ ನೀರಿನ ಮೇಲಿರುವ ಜನಕ್ಕೆ ಹಸಿರು ಸೊಪ್ಪು ಇಲ್ಲದೆ ಯಾರೂ ಹಗ್ಗ ಬಿಚ್ಚುವುದಿಲ್ಲ. ಹಾಗಾದರೆ ಚೀನಾದ ನೌಕೆಯ ಕ್ಯಾಬೇಜು ಒಂದು ದಿನ ತಡವಾದರೆ ಅದು ಭಾನುವಾರ ಹೊರಡುತ್ತದೆ, ಸತೀಶನ ಹಡಗು ಅದರ ಹಿಂದೆ ಹೋಗುತ್ತದೆ. ಭಾರತದ ನೌಕೆಯದನ್ನು ಯಾಕೆ ತಡೆಯಲಿಲ್ಲ ಎಂದು ಆಮೇಲೆ ಕೇಳಿದವರಿದ್ದಾರೆ. ಅದರ ಲಾರಿ ಆಗಲೇ ಗೇಟು ದಾಟಿತ್ತು, ಅಷ್ಟೇ.

ಮುರಾದನನ್ನು ಕರೆದು ಹೇಳಿದೆ. ಅವನು ಕಾರಣ ಕೇಳಲಿಲ್ಲ. ತಮ್ಮ ಎಂದದ್ದೇ ಸಾಕಾಯಿತು. ಗೇಟ್ ಪಾಸಿನ ಅವಧಿ ಮುಗಿದಿದೆ, ಶನಿವಾರ ಕಚೇರಿ ತೆರೆದ ಮೇಲೆ ಹೊಸದು ಮಾಡಿಸಬೇಕು ಎಂದು ಲಿನ್‌ಗೆ ಹೇಳುವುದು, ಲಾರಿಯನ್ನು ಬಂದರಿನ ಹೊರಗೆ ಗೋದಾಮಿನ ಹಿಂದೆ ನಿಲ್ಲಿಸುವುದು ಎಂದು ಮಾತಾಯಿತು. ಲಿನ್ ಎರಡು ಸಲ ಫೋನು ಮಾಡಿದರು. ಎರಡು ಸಲವೂ ನಾನು ಪಾಸಿನ ಕತೆ ಹೇಳಿದೆ. ಎರಡನೆಯ ಸಲ ಅವರು, ಮೇಡಂ, ನಮ್ಮ ಹೊತ್ತು ನಿಶ್ಚಯವಾಗಿದೆ ಎಂದಷ್ಟೇ ಹೇಳಿ ಸುಮ್ಮನಾದರು. ಸುಮ್ಮನಾದರೆ ಒಪ್ಪಿದ ಹಾಗೆ ಎಂದು ನಾನು ತಿಳಿದೆ.

ಶನಿವಾರ ಬೆಳಿಗ್ಗೆ ಮುರಾದನ ಫೋನು ಬಂತು.

“ಮೇಡಂ, ಜಾಗ ಖಾಲಿ. ಇಬ್ಬರೂ ಹೋದರು. ಖಲಾಸ್.”

ಯುದ್ಧನೌಕೆಯಲ್ಲಿ ಅಡುಗೆಯವನ ಮಾತು ನಡೆಯುವುದಿಲ್ಲ, ಬೀಜಿಂಗಿನಿಂದ ಬಂದ ಮಾತು ನಡೆಯುತ್ತದೆ ಎಂದು ನನಗೆ ಯಾರು ಹೇಳಿಕೊಟ್ಟಿದ್ದರು. ಸೊಪ್ಪಿಲ್ಲದೆ, ಮೊಟ್ಟೆಯಿಲ್ಲದೆ ಹೊತ್ತಿಗೆ ಸರಿಯಾಗಿ ಹಗ್ಗ ಬಿಚ್ಚಿ ಹೋಗಿದ್ದರು. ಲಿನ್ ಒಂದು ಈಮೇಲ್ ಬಿಟ್ಟಿದ್ದರು. ಉಳಿದ ಸಾಮಾನು ಬೇಡ, ನಿಮ್ಮ ಸಹಕಾರಕ್ಕೆ ಧನ್ಯವಾದ, ಎರಡು ದೇಶಗಳ ಸ್ನೇಹ ಬೆಳೆಯಲಿ. ಯಾವ ಎರಡು ದೇಶ ಎಂದು ಬರೆದಿರಲಿಲ್ಲ. ಲಾರಿಯ ಕ್ಯಾಬೇಜು ಖರೀಫಿನ ತೇವಕ್ಕೆ ಕೊಳೆಯತೊಡಗಿ, ಆ ವಾಸನೆ ಗೋದಾಮಿಂದ ಕಚೇರಿಯ ಮೆಟ್ಟಿಲವರೆಗೂ ಬಂತು. ಕೊನೆಗೆ ಮುರಾದ್ ಅದನ್ನು ಗುಡ್ಡದ ಒಂಟೆಗಳಿಗೆ ಸುರಿದು ಬಂದ. ನಮ್ಮ ಮ್ಯಾನೇಜರ್ ಸಯೀದ್ ಗಟ್ಟಿಯಾಗಿ ಮಾತಾಡುವವರಲ್ಲ. ಅವರು ಬಾಗಿಲು ಮುಚ್ಚಿ ನನ್ನನ್ನು ಕೂರಿಸಿ, ಒಂದು ನೌಕಾಪಡೆಯನ್ನು ಕ್ಯಾಬೇಜಿನಿಂದ ನಿಲ್ಲಿಸಲು ಹೊರಟವಳನ್ನು ನಾನು ಕೆಲಸದಿಂದ ತೆಗೆಯಬೇಕೋ, ಮೆಚ್ಚಬೇಕೋ ತಿಳಿಯುತ್ತಿಲ್ಲ ಎಂದರು. ತೆಗೆಯಲಿಲ್ಲ. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಉಪಯೋಗವಾಗಲಿಲ್ಲವಲ್ಲ ಎಂಬ ಉರಿ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಮನೆಯವರು. ವಿಷಯ ಕೇಳಿ ಇವರ ಮುಖ ಊರಗಲ ಅರಳಿತು. ದೇಶಕ್ಕಾಗಿ ಇಷ್ಟಾದರೂ ಮಾಡಿದೆಯಲ್ಲ ಎಂದು ಬೆನ್ನು ತಟ್ಟಲು ಬಂದರು. ನಾನು ಮಾಡಿದ್ದು ಚೀನಾದವರ ಕೆಲಸ ಕೆಡಿಸಲಿಕ್ಕಲ್ಲ, ನನ್ನ ತಮ್ಮ ಅವರ ನೌಕೆಯ ಹಿಂದೆ ಹೋಗಲಿ ಎಂದು. ಇದನ್ನು ಬಿಡಿಸಿ ಹೇಳಿದ ಮೇಲೂ ಇವರು ಶುಕ್ರವಾರದ ಗೆಳೆಯರಿಗೆ ಬೇರೆಯೇ ಕತೆ ಹೇಳಿದರು. ಆ ಕತೆಯಲ್ಲಿ ಸತೀಶ ಇರಲಿಲ್ಲ.

ಪಂಪು ಶನಿವಾರ ಮಧ್ಯಾಹ್ನ ಬಂತು. ಭಾನುವಾರ ಬೆಳಿಗ್ಗೆ ನಾನು ಬಂದರಿಗೆ ಹೋದೆ. ಸತೀಶ ಎಣ್ಣೆ ಮೆತ್ತಿದ ಬಾಯ್ಲರ್ ಸೂಟಿನಲ್ಲೇ ಏಣಿ ಇಳಿದು ಬಂದ. ಈ ಹಡಗು ಬಿಟ್ಟು ಬಾ, ಊರಿಗೆ ಟಿಕೆಟು ನಾನು ಮಾಡಿಸುತ್ತೇನೆ ಎಂದೆ. ಅವನು ನೆಲ ನೋಡಿದ.

“ನಾನು ಇಳಿದ್ರೆ ಆ ಪಂಪು ನೋಡ್ಕೊಳ್ಳುವವರು ಯಾರು ಅಕ್ಕ? ನಡುನೀರಿನಲ್ಲಿ ಇಂಜಿನ್ ನಿಂತ್ರೆ ಉಳಿದವರ ಗತಿ ಎಂತ? ಅವರೆಲ್ಲ ಹೋಗ್ಲಿಕ್ಕೆ ಉಂಟಲ್ಲ.”

ನನಗೆ ಅವನ ಮೇಲೂ ಸಿಟ್ಟು ಬಂತು. ಒಳ್ಳೆಯವರ ಮೇಲೆ ಬರುವ ಸಿಟ್ಟಿಗೆ ಮದ್ದಿಲ್ಲ. ನಾಲ್ಕು ಪೊಟ್ಟಣ ಬಿಸ್ಕತ್ತು, ಕಾಲುಚೀಲ, ಒಂದು ಬಾಟಲಿ ಉಪ್ಪಿನಕಾಯಿ ಕೈಗಿಟ್ಟೆ. ಹಡಗು ಮಂಜಿನೊಳಗೆ ಹೋಯಿತು. ತಿರುಗಿ ಬರುವಾಗ ದಾರಿಯುದ್ದಕ್ಕೂ ಪ್ರವಾಸಿಗಳ ಕಾರುಗಳು, ಮಕ್ಕಳು ಕಿಟಕಿಯಿಂದ ಕೈ ಹೊರಗೆ ಚಾಚಿ ಹನಿ ಹಿಡಿಯುತ್ತಿದ್ದರು.

ಕಡಲುಗಳ್ಳರ ಸುದ್ದಿಯೆಲ್ಲ ನಮ್ಮ ಕಚೇರಿಗೆ ದಿನಾ ಬೆಳಿಗ್ಗೆ ಈಮೇಲಿನಲ್ಲಿ ಬರುತ್ತಿತ್ತು. ಅದನ್ನು ನಮ್ಮ ಗ್ರಾಹಕರಿಗೆಲ್ಲ ಮುಂದಕ್ಕೆ ಕಳಿಸುವುದೂ ನನ್ನದೇ ಕೆಲಸ. ಆ ವಾರದ ಮಧ್ಯದಲ್ಲಿ ಒಂದು ಬೆಳಿಗ್ಗೆ ಅದನ್ನು ತೆರೆದೆ. ಮೂರನೆಯ ಸಾಲಿನಲ್ಲಿ ಸತೀಶನ ಹಡಗಿನ ಹೆಸರಿತ್ತು. ಒಂಟಿಯಾಗಿ ಸಾಗುತ್ತಿದ್ದಾಗ ವಶ, ಸಿಬ್ಬಂದಿ ಒತ್ತೆಯಾಳು, ಹಡಗು ಸೊಮಾಲಿಯಾ ತೀರದ ಕಡೆಗೆ. ನಾನು ಅದನ್ನು ದಿನದಂತೆ ಎಲ್ಲರಿಗೂ ಕಳಿಸಿದೆ. ಕಳಿಸಿ ಮುಗಿದ ಮೇಲೆ ಮುರಾದ್ ನೀರು ತಂದುಕೊಟ್ಟ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಬಾವುಟದ ದೇಶಕ್ಕೆ ಫೋನು ಮಾಡಿದರೆ ಒಂದು ಯಂತ್ರ ಉತ್ತರ ಕೊಡುತ್ತಿತ್ತು. ಮಾಲೀಕ ನನ್ನ ನಂಬರು ಕಂಡರೆ ಎತ್ತುತ್ತಿರಲಿಲ್ಲ. ನಮ್ಮವರಿಗೆ ಬರೆದರೆ, ಕಳ್ಳರು ಹಡಗು ಹತ್ತಿದ ಮೇಲೆ ಯಾರೂ ಗುಂಡು ಹಾರಿಸುವ ಹಾಗಿಲ್ಲ, ಒಳಗಿರುವವರ ಜೀವಕ್ಕೆ ಅಪಾಯ ಎಂಬ ಉತ್ತರ ಬಂತು. ಅದು ಸರಿಯೇ. ಹತ್ತುವ ಮೊದಲು ಯಾರೂ ಇರಲಿಲ್ಲ ಎಂಬುದೂ ಸರಿಯೇ. ಅಮ್ಮ ಫೋನಿನಲ್ಲಿ ದಿನಾ ಒಂದೇ ಕೇಳುತ್ತಿದ್ದಳು, ನಿಮ್ಮ ಬಂದರಿನಲ್ಲಿ ಅಷ್ಟೆಲ್ಲ ಯುದ್ಧದ ಹಡಗು ನಿಂತಿವೆ ಎಂದಿದ್ದೆಯಲ್ಲ, ಅವು ಎಂತ ಮಾಡುತ್ತಿವೆ ಎಂದು. ತರಕಾರಿ ತೆಗೆದುಕೊಳ್ಳುತ್ತಿವೆ ಎಂದು ಹೇಳಲು ಬಾಯಿ ಬರಲಿಲ್ಲ.

ಲಿನ್ ಖರೀಫ್ ಮುಗಿಯುವಾಗ ಮತ್ತೆ ಬಂದರು. ನಮ್ಮ ಕಂಪನಿಯನ್ನು ಬಿಟ್ಟು ಬೇರೆ ಕಡೆ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಈ ಸಲ ಅವರು ನಗಲಿಲ್ಲ. ಸುದ್ದಿ ಅವರಿಗೆ ಗೊತ್ತಿತ್ತು, ಪಾಸಿನ ಕತೆಯ ಅರ್ಥವೂ ಆಗಿತ್ತು. ನಿಮ್ಮ ತಮ್ಮನ ಬಗ್ಗೆ ಬೇಸರವಾಗಿದೆ ಎಂದರು. ಆ ಮಾತು ಒಪ್ಪಿಸಿದ ಪದ್ಯವಾಗಿರಲಿಲ್ಲ. ಹಾಗಾಗಿಯೇ ಇರಬೇಕು, ನಾನು ನೇರ ಕೇಳಿದೆ. ನೀವೆಲ್ಲ ಇಷ್ಟು ದೂರ ಬಂದದ್ದು ನಿಜವಾಗಿ ಯಾತಕ್ಕೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು.

“ದಾರಿ ಕಲಿಯಲು” ಎಂದರು. “ನಿಮ್ಮವರೂ ಅಷ್ಟೇ ಅಂದುಕೊಂಡಿದ್ದೇನೆ.”

ಆ ಕೆಲಸದಲ್ಲಿ ನಾನು ಕೇಳಿದ ಒಂದೇ ಒಂದು ಸತ್ಯವಾದ ಮಾತು ಅದು. ಚೀನಾಕ್ಕೆ ದೂರದ ಕಡಲಿನ ದಾರಿ ಕಲಿಯಬೇಕಿತ್ತು, ನಮ್ಮವರಿಗೆ ಅವರು ಹೇಗೆ ಕಲಿಯುತ್ತಾರೆಂದು ನೋಡಬೇಕಿತ್ತು. ಕಳ್ಳರು ಇಬ್ಬರಿಗೂ ನೆಪ. ಆ ಪಾಠಶಾಲೆಯಲ್ಲಿ ನನ್ನ ತಮ್ಮನ ಹಡಗು ಕರಿಹಲಗೆಯ ಮೇಲಿನ ಒಂದು ಚುಕ್ಕಿಯೂ ಆಗಿರಲಿಲ್ಲ. ಇಬ್ಬರು ದೊಡ್ಡವರು ಸೇರಿದರೆ ಕಡಲು ಹೆಚ್ಚು ಸುರಕ್ಷಿತವಾಗುತ್ತದೆ ಎಂದು ಲೆಕ್ಕ ಹಾಕಿದ್ದ ನನಗೆ, ಅವರು ಸೇರುವುದೇ ಇಲ್ಲ ಎಂಬುದು ಹೊಳೆಯಲು ಅಷ್ಟು ದಿನ ಬೇಕಾಯಿತು.

ವರ್ಷ ಮುಗಿಯುವ ಹೊತ್ತಿಗೆ ಹಡಗಿನ ಬಿಡುಗಡೆಯಾಯಿತು. ಯಾರು ಯಾರ ಜೊತೆ ಮಾತಾಡಿದರೋ ನನಗೆ ತಿಳಿಯದು. ಬಿಟ್ಟ ಹಡಗುಗಳು ಆಗೆಲ್ಲ ಸಲಾಲಾಕ್ಕೇ ಬರುತ್ತಿದ್ದವು. ಇದೂ ಬರುತ್ತದೆ, ದಿನಸಿ, ನೀರು ಸಿದ್ಧ ಮಾಡಿ ಎಂದು ನನ್ನ ಮೇಜಿಗೇ ಆರ್ಡರ್ ಬಂತು. ಕುಡಿಯುವ ನೀರು ಮುಗಿದ ಹಡಗು ತೀರದಿಂದ ಹೊರಟು ತೆವಳುತ್ತಿರುವ ಸುದ್ದಿ ತಿಳಿದು, ಎರಡು ದೇಶದ ನೌಕೆಗಳೂ ಅದರ ಬಳಿ ಹೋಗಿದ್ದವು. ನೀರು ಕೊಟ್ಟವು, ಔಷಧಿ ಕೊಟ್ಟವು, ಫೋಟೊ ತೆಗೆದವು. ಹೋಗುವಾಗ ಒಬ್ಬರೂ ಜೊತೆಗಿರಲಿಲ್ಲ, ಅಪಾಯವೆಲ್ಲ ಕಳೆದು ಬರುವಾಗ ಆಚೆಗೊಬ್ಬರು, ಈಚೆಗೊಬ್ಬರು. ಇವರು ಆ ದಿನ ರಜೆ ಹಾಕಿ ನನ್ನ ಜೊತೆ ಬಂದರಿಗೆ ಬಂದಿದ್ದರು. ಪಾಪ, ಸತೀಶನನ್ನು ಕಂಡರೆ ಇವರಿಗೂ ಪ್ರೀತಿಯೇ. ಆ ತಿಂಗಳುಗಳಲ್ಲಿ ಇವರೂ ಊಟ ಸರಿಯಾಗಿ ಮಾಡಿರಲಿಲ್ಲ.

ಒಬ್ಬೊಬ್ಬರೇ ಏಣಿ ಇಳಿದರು. ಸತೀಶ ಇಳಿಯುವಾಗ ನಾನು ಗುರುತಿಸಲಿಲ್ಲ, ಅವನೇ ಅಕ್ಕ ಎಂದ. ಗಡ್ಡ ಬೆಳೆದು, ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ನಾನು ಅವನ ಕೈ ಹಿಡಿದುಕೊಂಡೆ. ಇವರು ಕಣ್ಣು ಒರೆಸಿಕೊಳ್ಳುತ್ತಲೇ ಕೇಳಿದರು.

“ಮೊದಲು ಬಂದದ್ದು ಯಾರು ಮಾರಾಯ? ನಮ್ಮವರಾ, ಚೀನಾದವರಾ?”

ಸತೀಶ ಇವರ ಕಡೆ ತಿರುಗಿ ಮೆಲ್ಲಗೆ ಹೇಳಿದ.

“ನೀರು ಕುಡಿಯುವಾಗ ನೋಡ್ಲಿಲ್ಲ ಭಾವ.”